ಜಾಂಜಿಬಾರಿನ ಗುಲಾಮರ ಸಂತೆ ಮತ್ತು ಜಾನ್ ಕರ್ಕ್: ವಿದ್ಯಾರ್ಥಿಗಳಿಗೆ ಹೇಗೆ ಹೇಳಬೇಕು?

ಪ್ರಶ್ನೆ: ಬಲ್ಮಠದ ಶಿಕ್ಷಕಿ, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಕಳೆದ ವಾರ ತರಗತಿಯಲ್ಲಿ ನಮ್ಮೂರಿನ ಹಂಚಿನ ಉದ್ಯಮದ ಮಾತು ಬಂತು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ತೆರೆದ ಕಾರ್ಖಾನೆಯ ಹಂಚುಗಳು ಮುಂದೆ ಪೂರ್ವ ಆಫ್ರಿಕದ ಬಂದರುಗಳ ತನಕ ಹೋದವು ಎಂದು ಹೇಳುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ನಮ್ಮ ಹಂಚು ಹೋದ ಕಡಲಿನಲ್ಲೇ ಗುಲಾಮರನ್ನೂ ಸಾಗಿಸುತ್ತಿದ್ದರಂತೆ, ಅದನ್ನು ನಿಲ್ಲಿಸಿದವರು ಯಾರು?" ಎಂದು ಕೇಳಿದಳು. ನೆನಪಿನಲ್ಲಿದ್ದ ಒಂದು ಹೆಸರನ್ನು ಹೇಳಿದೆ: ಜಾನ್ ಕರ್ಕ್, ಪೂರ್ವ ಆಫ್ರಿಕದ ಕರಾವಳಿಯ ದ್ವೀಪವಾದ ಜಾಂಜಿಬಾರಿನಲ್ಲಿದ್ದ ಬ್ರಿಟಿಷ್ ಕಾನ್ಸಲ್ (ಸರ್ಕಾರದ ಪ್ರತಿನಿಧಿ), 1873ರಲ್ಲಿ ಅಲ್ಲಿಯ ಗುಲಾಮರ ಸಂತೆಯನ್ನು ಮುಚ್ಚಿಸಿದವನು. ಅವಳು ಅಷ್ಟಕ್ಕೆ ಸುಮ್ಮನಾಗಲಿಲ್ಲ. "ಆಗ ಅಲ್ಲಿದ್ದ ನಮ್ಮ ದೇಶದವರು ಏನು ಮಾಡುತ್ತಿದ್ದರು?" ಎಂದು ಮತ್ತೆ ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಗುರುವಾರ ಹೇಳುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ.

ಮನೆಗೆ ಬಂದು ಓದತೊಡಗಿದ ಮೇಲೆ ಗೊಂದಲ ಹೆಚ್ಚಾಯಿತು. ಒಂದು ಕಡೆ ಕೀರ್ತಿಯೆಲ್ಲ ಮುಂಬಯಿಯ ಮಾಜಿ ಗವರ್ನರ್ ಬಾರ್ಟಲ್ ಫ್ರಿಯರ್‌ಗೆ ಸಂದಿದೆ. ಇನ್ನೊಂದು ಕಡೆ ಸಂತೆ ಮುಚ್ಚುವ ಒಪ್ಪಂದಕ್ಕೆ ಸಹಿ ಹಾಕಿದ ಜಾಂಜಿಬಾರಿನ ಸುಲ್ತಾನ್ ಬರ್ಘಾಶನೇ ದೊಡ್ಡವನೆಂದು ಬರೆದಿದ್ದಾರೆ. ಸಂತೆ ಮುಚ್ಚಿದ ಮೇಲೂ ಇಪ್ಪತ್ತಕ್ಕಿಂತ ಹೆಚ್ಚು ವರ್ಷ ಅಲ್ಲಿ ಗುಲಾಮರು ಗುಲಾಮರಾಗಿಯೇ ಇದ್ದರೆಂಬುದನ್ನು ಓದಿದಾಗಲಂತೂ, ತರಗತಿಯಲ್ಲಿ ನಾನು ಆಡಿದ ಒಂದು ಸಾಲಿನ ಮಾತು ತಪ್ಪೇ ಆಗಿತ್ತೇನೋ ಎನಿಸಿತು. ಕರ್ಕ್ ಎಂಥ ಮನುಷ್ಯ, ಅವನು ನಿಜವಾಗಿ ಮಾಡಿದ್ದೆಷ್ಟು, ಆ ಕಥೆಯಲ್ಲಿ ಭಾರತೀಯರ ಪಾಲೇನು ಎಂಬುದನ್ನು ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಉಪನ್ಯಾಸಕ, ಉಡುಪಿ

ಟೀಚರ್, ನಿಮ್ಮ ವಿದ್ಯಾರ್ಥಿನಿಯ ಎರಡನೆಯ ಪ್ರಶ್ನೆಗೆ ಉತ್ತರ ಹೇಳದೆ ಮೊದಲನೆಯದಕ್ಕೆ ಉತ್ತರ ಹೇಳಲಾಗದು. ಆ ಹುಡುಗಿಗೆ ನನ್ನ ಆಶೀರ್ವಾದ ತಿಳಿಸಿ. ಬಹಳ ವರ್ಷ ಇದನ್ನೇ ಕಲಿಸಿದವನಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕರ್ಕ್ ಹುಟ್ಟಿದ್ದು 1832ರ ಡಿಸೆಂಬರಿನಲ್ಲಿ, ಸ್ಕಾಟ್‌ಲೆಂಡಿನ ಬ್ಯಾರಿ ಎಂಬ ಊರಿನಲ್ಲಿ, ಪಾದ್ರಿಯೊಬ್ಬರ ಮಗನಾಗಿ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿದ. ಕ್ರಿಮಿಯಾ ಯುದ್ಧದ ಕಾಲದಲ್ಲಿ ಡಾರ್ಡನೆಲ್ಸ್ ದಂಡೆಯ ಆಸ್ಪತ್ರೆಯಲ್ಲಿ ಕೆಲಸ ಮಾಡಿದ. 1858ರಲ್ಲಿ ಆಫ್ರಿಕದ ಒಳನಾಡನ್ನು ಶೋಧಿಸುತ್ತಿದ್ದ ಲಿವಿಂಗ್‌ಸ್ಟನ್ನನ ಜಾಂಬೆಸಿ ನದಿಯ ಯಾತ್ರೆಗೆ ವೈದ್ಯನಾಗಿಯೂ ಸಸ್ಯಶಾಸ್ತ್ರಜ್ಞನಾಗಿಯೂ ಸೇರಿಕೊಂಡ. ಐದು ವರ್ಷದ ಆ ಯಾತ್ರೆ ಸುಖದ್ದಾಗಿರಲಿಲ್ಲ. 1860ರಲ್ಲಿ ಕೆಬ್ರಬಾಸಾದ ಬಂಡೆಗಳ ನಡುವಿನ ಸೆಳವಿನಲ್ಲಿ ದೋಣಿ ಮಗುಚಿ, ಅವನು ಅಲ್ಲಿಯವರೆಗೆ ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳೂ ಗಿಡಗಳ ಚಿತ್ರಗಳೂ ನೀರುಪಾಲಾದವು. ಆದರೆ ಅವನ ಮುಂದಿನ ಬದುಕನ್ನು ತಿರುಗಿಸಿದ್ದು ಆ ನಷ್ಟವಲ್ಲ. ಶಿರೆ ನದಿಯ ಕಣಿವೆಯಲ್ಲಿ ಕಂಡ ನೋಟ. ಕೊರಳಿಗೆ ಕವಲುಗೋಲು ಬಿಗಿಸಿಕೊಂಡು ಸಾಲುಸಾಲಾಗಿ ಕರಾವಳಿಯ ಕಡೆಗೆ ನಡೆಯುತ್ತಿದ್ದ ಗಂಡಸರು, ಹೆಂಗಸರು, ಮಕ್ಕಳು. ಅವರು ಬಿಟ್ಟುಬಂದ ಸುಟ್ಟ ಹಳ್ಳಿಗಳು. 1861ರಲ್ಲಿ ಲಿವಿಂಗ್‌ಸ್ಟನ್ನನ ತಂಡ ಅಂಥ ಸಾಲೊಂದನ್ನು ದಾರಿಯಲ್ಲೇ ತಡೆದು ಬಿಡಿಸಿತು. ಆ ಕಣಿವೆಯಲ್ಲಿ ಹಿಡಿದ ಜನ ಯಾವ ಬಂದರಿಗೆ ಮುಟ್ಟುತ್ತಾರೋ ಆ ಬಂದರಿನಲ್ಲೇ ಮುಂದೆ ಇಪ್ಪತ್ತು ವರ್ಷ ಇರುವ ಯೋಗ ಕರ್ಕ್‌ಗೆ ಬಂತು.

1866ರಲ್ಲಿ ಅವನು ಜಾಂಜಿಬಾರಿಗೆ ಹೋದದ್ದು ಏಜೆನ್ಸಿಯ, ಎಂದರೆ ಬ್ರಿಟಿಷ್ ಪ್ರತಿನಿಧಿಯ ಕಚೇರಿಯ, ವೈದ್ಯನಾಗಿ. ಅಲ್ಲಿಯ ಬ್ರಿಟಿಷ್ ಏಜೆನ್ಸಿ ಆಗ ಮುಂಬಯಿ ಸರ್ಕಾರದ ಅಧೀನದಲ್ಲಿತ್ತು ಎಂಬುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಒತ್ತಿ ಹೇಳಿ. ನಮ್ಮ ಉತ್ತರ ಕನ್ನಡ 1862ರಲ್ಲಿ ಸೇರಿಕೊಂಡದ್ದೂ ಅದೇ ಮುಂಬಯಿ ಪ್ರಾಂತ್ಯಕ್ಕೆ. ಜಾಂಜಿಬಾರಿನ ವ್ಯವಹಾರ ಭಾರತದ ವ್ಯವಹಾರವೇ ಆಗಿತ್ತು. ಮಸ್ಕತ್ತಿನ ಸುಲ್ತಾನ್ ಸಯ್ಯಿದ್ ತನ್ನ ದರ್ಬಾರನ್ನು ಆ ದ್ವೀಪಕ್ಕೆ ವರ್ಗಾಯಿಸಿ ಲವಂಗದ ತೋಟಗಳನ್ನು ಎಬ್ಬಿಸಿದ. ತೋಟಕ್ಕೆ ಗುಲಾಮರು ಬೇಕಾದರು. ಒಳನಾಡಿನಿಂದ ದಂತ ಹೊತ್ತು ತರುವ ಸಾರ್ಥಗಳಿಗೂ ಬೇಕಾದರು. ಇದಕ್ಕೆಲ್ಲ ಬಂಡವಾಳ ಎಲ್ಲಿಂದ? ಕಚ್ಛಿನ ಭಾಟಿಯಾ, ಖೋಜಾ, ಬೋಹ್ರಾ ವರ್ತಕರಿಂದ. ಸುಲ್ತಾನನ ಸುಂಕದ ಗುತ್ತಿಗೆ ದಶಕಗಳ ಕಾಲ ಜೈರಾಮ್ ಶಿವಜಿ ಎಂಬ ಕಚ್ಛಿ ವರ್ತಕ ಮನೆತನದ ಕೈಯಲ್ಲಿತ್ತು, ಮತ್ತು ದ್ವೀಪಕ್ಕೆ ಬಂದಿಳಿದ ಪ್ರತಿಯೊಬ್ಬ ಗುಲಾಮನ ತಲೆಗೂ ಸುಂಕ ಬೀಳುತ್ತಿತ್ತು. ಒಳನಾಡಿಗೆ ಹೊರಡುವ ಸಾರ್ಥಗಳಿಗೆ ಬಟ್ಟೆ, ಮಣಿ, ಮದ್ದುಗುಂಡುಗಳನ್ನು ಸಾಲವಾಗಿ ಕೊಟ್ಟವರೂ ಇವರೇ. ಅನೇಕ ಭಾರತೀಯರ ಮನೆಗಳಲ್ಲಿ, ತೋಟಗಳಲ್ಲಿ ಗುಲಾಮರಿದ್ದರು. ನಿಮ್ಮ ವಿದ್ಯಾರ್ಥಿನಿಗೆ ಈ ಉತ್ತರವನ್ನು ಮೆದುಗೊಳಿಸದೆ ಹೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲಿ ಕರ್ಕ್‌ಗಿಂತ ಮೊದಲಿನ ಒಬ್ಬನನ್ನು ನೆನೆಯಬೇಕು. 1858ರಿಂದ 1861ರವರೆಗೆ ಅಲ್ಲಿ ಕಾನ್ಸಲ್ ಆಗಿದ್ದ ಕ್ರಿಸ್ಟೋಫರ್ ರಿಗ್ಬಿ ಮುಂಬಯಿ ಸೈನ್ಯದ ಅಧಿಕಾರಿ. ಬ್ರಿಟಿಷ್ ಪ್ರಜೆಗಳಾದ ಭಾರತೀಯರು ಎಲ್ಲಿದ್ದರೂ ಗುಲಾಮರನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಅವನು ಹಟ ಹಿಡಿದ. ಭಾರತೀಯರ ವಶದಲ್ಲಿದ್ದ ಸಾವಿರಾರು ಜನರಿಗೆ ಬಿಡುಗಡೆಯ ಪತ್ರ ಬರೆಸಿಕೊಟ್ಟ. ಕಚ್ಛ್ ಸಂಸ್ಥಾನದವರು, ತಾವು ಬ್ರಿಟಿಷ್ ಪ್ರಜೆಗಳಲ್ಲ, ರಾವ್ ಮಹಾರಾಜರ ಪ್ರಜೆಗಳು ಎಂದು ವಾದಿಸಿದರು. ಈ ವಾದ ವರ್ಷಗಟ್ಟಲೆ ಎಳೆದಾಡಿತು. 1869ರಲ್ಲಿ ಕಚ್ಛಿನ ರಾವ್ ಅವರಿಂದಲೇ ಜಾಂಜಿಬಾರಿನ ಕಚ್ಛಿಗಳು ಬ್ರಿಟಿಷ್ ಅಧಿಕಾರಕ್ಕೆ ಒಳಪಟ್ಟವರೆಂಬ ಘೋಷಣೆ ಬರಬೇಕಾಯಿತು. ರಿಗ್ಬಿಯ ಅನಂತರ ಬಂದವರು ಅದೇ ಬಿಗಿಯನ್ನು ಉಳಿಸಿಕೊಳ್ಳಲಿಲ್ಲ. ಕರ್ಕ್ ಕೈಗೆತ್ತಿಕೊಂಡದ್ದು ಹೀಗೆ ಅರ್ಧಕ್ಕೆ ನಿಂತಿದ್ದ ಕೆಲಸವನ್ನು.

ಇನ್ನು 1873. ಫ್ರಿಯರ್ ಆ ವರ್ಷದ ಜನವರಿಯಲ್ಲಿ ದೊಡ್ಡ ನಿಯೋಗದೊಂದಿಗೆ ಬಂದು, ಹಲವು ವಾರ ಮಾತುಕತೆ ನಡೆಸಿ, ಸಹಿಯಿಲ್ಲದೆ ಹಿಂದಿರುಗಿದ. ಬರ್ಘಾಶನ ನಿರಾಕರಣೆಗೆ ಕಾರಣವಿತ್ತು: 1872ರ ಏಪ್ರಿಲಿನ ಚಂಡಮಾರುತ ಜಾಂಜಿಬಾರ್ ದ್ವೀಪದ ಲವಂಗದ ಮರಗಳನ್ನು ಬುಡಮೇಲು ಮಾಡಿತ್ತು, ಅವನ ಹಡಗುಗಳನ್ನು ಮುಳುಗಿಸಿತ್ತು; ಗುಲಾಮರ ಸಾಗಾಟ ನಿಂತರೆ ತೋಟಗಳೂ ಸುಂಕವೂ ಹೋಗುತ್ತವೆ, ತನ್ನ ಅರಬ್ ಸರದಾರರು ತಿರುಗಿ ಬೀಳುತ್ತಾರೆ ಎಂಬ ಭಯ ಅವನದು. ಫ್ರಿಯರ್ ಹೋದ, ಕರ್ಕ್ ಉಳಿದ. ಜೂನ್ ಆರಂಭದಲ್ಲಿ ಲಂಡನ್ನಿನಿಂದ ಆದೇಶ ಬಂತು: ಸಹಿಯಾಗದಿದ್ದರೆ ನೌಕಾಪಡೆ ದ್ವೀಪವನ್ನು ಸುತ್ತುಗಟ್ಟುತ್ತದೆ. ಅದನ್ನು ಸುಲ್ತಾನನ ಮುಂದೆ ಇಡುವ ಕೆಲಸ ಕರ್ಕ್‌ನದಾಯಿತು. 1873ರ ಜೂನ್ 5ರಂದು ಬರ್ಘಾಶ್ ಸಹಿ ಹಾಕಿದ. ಕಡಲ ಮೂಲಕ ಗುಲಾಮರ ಸಾಗಾಟ ನಿಷಿದ್ಧ, ಎಲ್ಲ ಸಾರ್ವಜನಿಕ ಸಂತೆಗಳು ಬಂದ್, ಬಿಡುಗಡೆಯಾದವರಿಗೆ ರಕ್ಷಣೆ, ಭಾರತೀಯರು ಗುಲಾಮರನ್ನು ಹೊಂದುವಂತಿಲ್ಲ; ಒಪ್ಪಂದದ ತಿರುಳು ಇಷ್ಟು.

ಫ್ರಿಯರ್‌ನ ಪ್ರತಿಷ್ಠೆಯಿಂದ ಆಗದ್ದು ಕರ್ಕ್‌ನಿಂದ ಆದದ್ದೇಕೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಯುದ್ಧದ ಹಡಗುಗಳ ಬೆದರಿಕೆ ಒಂದು ಕಾರಣವೆಂಬುದು ನಿಸ್ಸಂಶಯ. ಆದರೆ ಕರ್ಕ್ ಆ ಊರಿನಲ್ಲಿ ಏಳು ವರ್ಷ ಬಾಳಿದ್ದ, 1869–70ರ ಕಾಲರಾ ಊರನ್ನು ತಿನ್ನುತ್ತಿದ್ದಾಗ ಅಲ್ಲೇ ಇದ್ದ ವೈದ್ಯ. ಯಾವ ಸರದಾರ ಯಾರ ಸಾಲದಲ್ಲಿದ್ದಾನೆ ಎಂಬುದು ಅವನಿಗೆ ಗೊತ್ತಿತ್ತು. ಬರ್ಘಾಶ್ ಯುವಕನಾಗಿದ್ದಾಗ ಅಣ್ಣನ ವಿರುದ್ಧ ದಂಗೆಯೆದ್ದು ಮುಂಬಯಿಯಲ್ಲಿ ದೇಶಭ್ರಷ್ಟನಾಗಿ ಎರಡು ವರ್ಷ ಕಳೆದವನು. ಬ್ರಿಟಿಷರ ಬಲವೇನೆಂಬುದನ್ನು ಅವನೂ ಕಣ್ಣಾರೆ ಕಂಡಿದ್ದ. ಇಂಥ ಇಬ್ಬರು ಎದುರುಬದುರು ಕುಳಿತಾಗ ಮಾತು ಬೇರೆಯೇ ಆಗುತ್ತದೆ.

ಸಹಿಯಾದ ಮೇಲಿನ ಹದಿಮೂರು ವರ್ಷವೇ ಕರ್ಕ್‌ನ ನಿಜವಾದ ದುಡಿಮೆ. ಕಡಲು ಮುಚ್ಚಿದೊಡನೆ ವ್ಯಾಪಾರಿಗಳು ಕರಾವಳಿಯ ಗುಂಟ ನಡೆಸಿಕೊಂಡು ಹೋಗತೊಡಗಿದರು, ಮತ್ತು ಆ ನಡಿಗೆಯಲ್ಲಿ ಸತ್ತವರು ಹೆಚ್ಚು. 1876ರಲ್ಲಿ ಬರ್ಘಾಶನಿಂದ ನೆಲದ ಸಾಗಾಟದ ಮೇಲೂ ನಿಷೇಧ ಹೊರಡಿಸುವಂತೆ ಕರ್ಕ್ ಮಾಡಿದ. ಆದರೂ ಪೆಂಬಾ ದ್ವೀಪದ ಕಡೆಗೆ ರಾತ್ರಿ ಹಾಯಿಹಡಗುಗಳು ಹೋಗುತ್ತಲೇ ಇದ್ದವು. ಅವುಗಳನ್ನು ತಡೆಯುತ್ತಿದ್ದ 'ಲಂಡನ್' ಎಂಬ ಕಾವಲು ಹಡಗಿನ ಕ್ಯಾಪ್ಟನ್ ಬ್ರೌನ್‌ರಿಗ್ 1881ರ ಡಿಸೆಂಬರಿನಲ್ಲಿ ಅಂಥದೇ ಒಂದು ಹಡಗಿನವರ ಕೈಯಲ್ಲಿ ಸತ್ತ. 1885ರಲ್ಲಿ ಜರ್ಮನರು ಸುಲ್ತಾನನ ಒಳನಾಡಿಗೆ ಕೈ ಹಾಕಿದಾಗ, ಹನ್ನೆರಡು ವರ್ಷ ತನ್ನ ಮಾತನ್ನು ನಂಬಿದ್ದ ಬರ್ಘಾಶನಿಗೆ "ಒಪ್ಪಿಕೊಳ್ಳಿ" ಎಂದು ಹೇಳುವ ಕೆಲಸವೂ ಕರ್ಕ್‌ನ ಮೇಲೇ ಬಿತ್ತು. ಮರುವರ್ಷ ಅವನು ಜಾಂಜಿಬಾರ್ ಬಿಟ್ಟ. 1889–90ರಲ್ಲಿ ಬ್ರಸೆಲ್ಸಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ನಡೆದ ರಾಷ್ಟ್ರಗಳ ಸಮ್ಮೇಳನಕ್ಕೆ ಬ್ರಿಟನ್ನಿನ ಪ್ರತಿನಿಧಿಯಾಗಿ ಹೋದ. 1922ರ ಜನವರಿಯಲ್ಲಿ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ.

ಉತ್ತರ: ವಕೀಲ, ಕೊಡಿಯಾಲಬೈಲ್

ಉಡುಪಿಯ ಸರ್ ಬರೆದದ್ದಕ್ಕೆ ಕಾನೂನಿನ ಕಡೆಯಿಂದ ಒಂದು ಮಾತನ್ನು ಸೇರಿಸುತ್ತೇನೆ, ಏಕೆಂದರೆ ಅದು ನೇರವಾಗಿ ನಮ್ಮ ಜಿಲ್ಲೆಗೆ ಸಂಬಂಧಿಸಿದ್ದು.

ಗುಲಾಮಗಿರಿಯ ಬಗ್ಗೆ ಕಂಪನಿ ಸರ್ಕಾರ ಭಾರತದಲ್ಲಿ ಮಾಡಿದ ಕಾನೂನು 1843ರ ಐದನೆಯ ಕಾಯಿದೆ. ಅದರಲ್ಲಿರುವುದು ನಾಲ್ಕೇ ಕಲಮುಗಳು. ಕೋರ್ಟಿನ ಡಿಕ್ರಿಗಾಗಲಿ ಕಂದಾಯದ ಬಾಕಿಗಾಗಲಿ ಯಾವ ಸರ್ಕಾರಿ ಅಧಿಕಾರಿಯೂ ಮನುಷ್ಯನನ್ನು ಗುಲಾಮನೆಂದು ಹರಾಜು ಹಾಕುವಂತಿಲ್ಲ. ಗುಲಾಮನ ಮೇಲಿನ ಒಡೆತನದ ಹಕ್ಕನ್ನು ಯಾವ ಕೋರ್ಟೂ ಜಾರಿ ಮಾಡಿಕೊಡುವಂತಿಲ್ಲ. ಗುಲಾಮನೆಂಬ ಕಾರಣಕ್ಕೆ ಒಬ್ಬನ ಗಳಿಕೆಯನ್ನು ಕಿತ್ತುಕೊಳ್ಳುವಂತಿಲ್ಲ. ಸ್ವತಂತ್ರ ಮನುಷ್ಯನಿಗೆ ಮಾಡಿದರೆ ಅಪರಾಧವಾಗುವ ಕೃತ್ಯ ಗುಲಾಮನೆನಿಸಿಕೊಂಡವನಿಗೆ ಮಾಡಿದರೂ ಅಪರಾಧವೇ. ಗಮನಿಸಿ: "ಎಲ್ಲರೂ ಇಂದಿನಿಂದ ಬಿಡುಗಡೆಯಾದರು" ಎಂಬ ವಾಕ್ಯ ಅದರಲ್ಲಿ ಎಲ್ಲಿಯೂ ಇಲ್ಲ. ಒಡೆಯನಿಗೆ ಕೋರ್ಟಿನ ಬಾಗಿಲನ್ನು ಮುಚ್ಚಿದರು, ಅಷ್ಟೆ. ಗುಲಾಮನನ್ನು ಕೊಳ್ಳುವುದು, ಮಾರುವುದು ಶಿಕ್ಷಾರ್ಹ ಅಪರಾಧವಾದದ್ದು 1860ರ ದಂಡಸಂಹಿತೆಯಲ್ಲಿ. ಅದು ಜಾರಿಗೆ ಬಂದದ್ದು 1862ರ ಜನವರಿ 1ರಿಂದ.

ಇದು ಬೇರೆಲ್ಲಿಯದೋ ಜನರಿಗಾಗಿ ಮಾಡಿದ ಕಾನೂನಲ್ಲ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ನಮ್ಮ ಸೀಮೆಯಲ್ಲಿ ಹಾದುಹೋದಾಗ ಇಲ್ಲಿಯ ಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರ ಬಗ್ಗೆ ಬರೆದುಕೊಂಡಿದ್ದಾನೆ. ಮೂಲದ ಆಳುಗಳು ವರ್ಗದಾರನ, ಎಂದರೆ ಜಮೀನಿನ ಒಡೆಯನ, ಭೂಮಿಯೊಂದಿಗೆ ಕೈ ಬದಲಾಗುತ್ತಿದ್ದವರು. ಸಾಲದ ಆಳುಗಳು ಸಾಲಕ್ಕಾಗಿ ದೇಹವನ್ನೇ ಒತ್ತೆಯಿಟ್ಟವರು. 1843ರ ಕಾಯಿದೆ ಬಂದಾಗ ಇವರ ಹೆಸರಿನಲ್ಲಿ ಒಂದು ಸೆಂಟ್ಸ್ ಭೂಮಿ ಇರಲಿಲ್ಲ. ಕೋರ್ಟು ಒಡೆಯನಿಗೆ ಸಹಾಯ ಮಾಡುವುದಿಲ್ಲ ಎಂಬ ಸುದ್ದಿಯನ್ನು ಅವರ ಕೇರಿಗೆ ಹೋಗಿ ಹೇಳುವವರೂ ಇರಲಿಲ್ಲ. ಎಷ್ಟೋ ಕುಟುಂಬಗಳು ಅದೇ ಗದ್ದೆಯ ಬದುವಿನಲ್ಲಿ, ಅದೇ ಒಡೆಯನಿಂದ, ಅದೇ ಸೇರಿನ ಅಳತೆಯಲ್ಲಿ ಭತ್ತ ಪಡೆಯುತ್ತ ಉಳಿದವು. ಕೆಲವರಿಗೆ ಘಟ್ಟದ ಮೇಲಿನ ಕಾಫಿ ತೋಟಗಳ ಕೂಲಿ ಬೇರೆ ದಾರಿ ತೋರಿಸಿತು. ಘಟ್ಟ ಹತ್ತಿದವರಿಗೆ ಮಾತ್ರ.

ಈ ಕಾನೂನಿಗೂ ಕರ್ಕ್‌ಗೂ ಏನು ಸಂಬಂಧವೆಂದರೆ, ರಿಗ್ಬಿ ಮತ್ತು ಕರ್ಕ್ ಜಾಂಜಿಬಾರಿನ ಭಾರತೀಯರ ವಿರುದ್ಧ ನಿಲ್ಲಲು ಸಾಧ್ಯವಾದದ್ದು ಭಾರತದಲ್ಲಿ ಇಂಥ ಕಾನೂನು ಆಗಲೇ ಇತ್ತಾದ್ದರಿಂದ. ಮುಂದೆ 1897ರ ಏಪ್ರಿಲಿನಲ್ಲಿ ಜಾಂಜಿಬಾರಿನಲ್ಲೇ ಗುಲಾಮಗಿರಿಯ ಕಾನೂನು ಮಾನ್ಯತೆಯನ್ನು ರದ್ದು ಮಾಡಿದಾಗ ಅನುಸರಿಸಿದ್ದೂ ಭಾರತದ ಮಾದರಿಯನ್ನೇ. ಎಲ್ಲರನ್ನೂ ಬಿಡುಗಡೆ ಮಾಡಲಿಲ್ಲ. ಬಿಡುಗಡೆ ಬೇಕಾದವನು ತಾನೇ ಕೋರ್ಟಿಗೆ ಹೋಗಿ ಅರ್ಜಿ ಕೊಡಬೇಕಿತ್ತು. ಪರಿಹಾರದ ಹಣ ಸಿಕ್ಕಿದ್ದು ಒಡೆಯನಿಗೆ. ಉಪಪತ್ನಿಯರೆಂದು ಇಟ್ಟುಕೊಂಡಿದ್ದ ಹೆಂಗಸರಿಗೆ ಆ ಹಕ್ಕು 1909ರವರೆಗೆ ಇರಲೇ ಇಲ್ಲ. ನಮ್ಮ ಕೇರಿಗಳಲ್ಲಿ ಆದದ್ದನ್ನು ಬಲ್ಲವನಿಗೆ ಜಾಂಜಿಬಾರಿನ ಲವಂಗದ ತೋಟಗಳಲ್ಲಿ ಏನಾಗಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದೇ 1897ರಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ವರ್ಗಗಳಿಗಾಗಿ ಸಂಸ್ಥೆ ಕಟ್ಟಿ ಶಾಲೆ, ನಿವೇಶನ, ಕೈಕಸುಬುಗಳಿಗಾಗಿ ಓಡಾಡತೊಡಗಿದರು. ಕಾನೂನು ಬಂದು ಐವತ್ತನಾಲ್ಕು ವರ್ಷ ಕಳೆದಿತ್ತು.

ಉತ್ತರ: ಹಿಂದೆ ದಾರ್ ಎಸ್ ಸಲಾಮಿನಲ್ಲಿದ್ದವನು, ಕಾಪು

ಉದ್ಯೋಗದ ನಿಮಿತ್ತ ಟಾಂಜಾನಿಯಾದಲ್ಲಿ ಹಲವು ವರ್ಷ ಇದ್ದೆ; ಆ ಜಾಗವನ್ನು ಎರಡು ಸಲ ನೋಡಿದ್ದೇನೆ. ಸಂತೆ ನಡೆಯುತ್ತಿದ್ದ ಮ್ಕುನಾಜಿನಿಯಲ್ಲಿ ಈಗ ಆಂಗ್ಲಿಕನ್ ಕೆಥೆಡ್ರಲ್ ಇದೆ. ಸಂತೆ ಮುಚ್ಚಿದ ಅದೇ 1873ರ ಕ್ರಿಸ್‌ಮಸ್ ದಿನ ಅದಕ್ಕೆ ಅಡಿಗಲ್ಲು ಹಾಕಿದರು. ಗುಲಾಮರನ್ನು ಕಟ್ಟಿ ಹೊಡೆಯುತ್ತಿದ್ದ ಮರವಿದ್ದ ಸ್ಥಳದಲ್ಲೇ ಬಲಿಪೀಠ ಇದೆ ಎಂದು ಅಲ್ಲಿಯವರು ಹೇಳುತ್ತಾರೆ. ಹೊರಗಿನ ಅಂಗಳದ ಒಂದು ಗುಂಡಿಯಲ್ಲಿ ಕೊರಳಿಗೆ ಸರಪಳಿ ಹಾಕಿಕೊಂಡು ನಿಂತ ಐದು ಮನುಷ್ಯರ ಮೂರ್ತಿಗಳಿವೆ. ಪಕ್ಕದ ಕಟ್ಟಡದ ಕೆಳಗಿನ ತಗ್ಗು ಕೋಣೆಗಳನ್ನು ಗುಲಾಮರನ್ನು ಕೂಡಿಹಾಕುತ್ತಿದ್ದ ಜಾಗವೆಂದು ತೋರಿಸುತ್ತಾರಾದರೂ ಈ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ, ಅವು ಆಮೇಲೆ ಕಟ್ಟಿದವು ಎನ್ನುವವರಿದ್ದಾರೆ. ಟೀಚರ್, ಚಿತ್ರ ತೋರಿಸುವುದಾದರೆ ಕೋಣೆಗಳಿಗಿಂತ ಆ ಐದು ಮೂರ್ತಿಗಳನ್ನು ತೋರಿಸಿ. ಅವರ ಮುಖಗಳ ಮುಂದೆ ನಿಂತಾಗ ನನಗೆ ಮಾತು ಹೊರಡಲಿಲ್ಲ.

ಉತ್ತರ: ಸಂಶೋಧನಾ ವಿದ್ಯಾರ್ಥಿ, ಕೊಣಾಜೆ

ಹಿರಿಯರು ಬರೆದದ್ದರಿಂದ ಬಹಳ ಕಲಿತೆ. ಆದರೂ ನನ್ನ ಒಂದು ಅಸಮಾಧಾನವನ್ನು ಗೌರವದಿಂದಲೇ ಹೇಳುತ್ತೇನೆ. ಈ ಕಥೆಯಲ್ಲಿ ಬಿಡಿಸಿದವರಿಗೆಲ್ಲ ಹೆಸರಿದೆ. ಬಿಡುಗಡೆಯಾದವರಲ್ಲಿ ಒಬ್ಬರ ಹೆಸರೂ ಇಲ್ಲಿಯವರೆಗೆ ಬಂದಿಲ್ಲ.

ನೌಕಾಪಡೆ ಹಿಡಿದ ಹಡಗುಗಳಿಂದ ಬಿಡಿಸಿದವರನ್ನು ಏಡನ್, ಸೆಶೆಲ್ಸ್, ಮುಂಬಯಿಗಳಿಗೆ ಕಳುಹಿಸುತ್ತಿದ್ದರು. ಹೀಗೆ ಬಂದ ಮಕ್ಕಳಲ್ಲಿ ಕೆಲವರು ನಾಸಿಕದ ಬಳಿಯ ಶರಣಪುರದಲ್ಲಿ ಮಿಷನ್ ನಡೆಸುತ್ತಿದ್ದ ಆಶ್ರಯದಲ್ಲಿ ಬಡಗಿ, ಕಮ್ಮಾರ ಕೆಲಸ ಕಲಿತು ಬೆಳೆದರು. ಅಂಥವರಲ್ಲೊಬ್ಬ ಜೇಕಬ್ ವೇನ್‌ರೈಟ್. ಲಿವಿಂಗ್‌ಸ್ಟನ್ ಸತ್ತಾಗ ಅವನ ದೇಹವನ್ನು ಒಳನಾಡಿನಿಂದ ಕರಾವಳಿಗೆ ತಿಂಗಳುಗಟ್ಟಲೆ ಹೊತ್ತು ತಂದವರಲ್ಲಿ ಇವನೂ ಇದ್ದ, ಲಿವಿಂಗ್‌ಸ್ಟನ್ನನ ಸೇವಕರಾಗಿದ್ದ ಚೂಮಾ ಮತ್ತು ಸೂಸಿ ಕೂಡ ಇದ್ದರು. ಸಿದಿ ಮುಬಾರಕ್ ಬಾಂಬೆಯನ್ನು ಬಾಲ್ಯದಲ್ಲೇ ಹಿಡಿದು ಮಾರಿದ್ದರು. ಅವನು ಭಾರತದಲ್ಲಿ ಬೆಳೆದು, ಒಡೆಯ ಸತ್ತ ಮೇಲೆ ಸ್ವತಂತ್ರನಾಗಿ ಆಫ್ರಿಕಕ್ಕೆ ಮರಳಿ, ನೈಲ್ ನದಿಯ ಮೂಲ ಹುಡುಕಿ ಹೋದ ಯುರೋಪಿಯನ್ನರಲ್ಲಿ ಹಲವರಿಗೆ ದಾರಿ ತೋರಿಸಿದ. ಹೆಸರಿನಲ್ಲೇ ನಮ್ಮ ಮುಂಬಯಿಯನ್ನು ಹೊತ್ತು ತಿರುಗಿದ ಮನುಷ್ಯ ಅವನು. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಜರಲ್ಲಿ ಬಹುಮಂದಿ ಬಂದದ್ದು ಪೋರ್ಚುಗೀಸರ ಗೋವೆಯ ದಾರಿಯಿಂದ, ಜಾಂಜಿಬಾರಿನ ಈ ಘಟನೆಗಿಂತ ಬಹಳ ಹಿಂದೆ. ಕಡಲು ಮಾತ್ರ ಒಂದೇ.

ಕರ್ಕ್‌ನನ್ನು ಅಳೆಯುವಾಗ ಇನ್ನೊಂದು ಸಂಗತಿಯನ್ನೂ ಮರೆಯಬಾರದು. 1875ರಲ್ಲಿ ಮೊಂಬಾಸದ ಬಳಿ ಮಿಷನ್ನಿನವರು ಬಿಡುಗಡೆಯಾದವರಿಗಾಗಿ ಫ್ರಿಯರ್‌ಟೌನ್ ಎಂಬ ನೆಲೆ ಕಟ್ಟಿದರು; ಸುತ್ತಲಿನ ತೋಟಗಳಿಂದ ಗುಲಾಮರು ತಾವಾಗಿಯೇ ಓಡಿಬಂದು ಅಲ್ಲಿ ಆಶ್ರಯ ಬೇಡತೊಡಗಿದರು. ತೋಟದ ಒಡೆಯರು ಕೆರಳಿದಾಗ, ಓಡಿಬಂದವರನ್ನು ಇಟ್ಟುಕೊಳ್ಳುವ ಅಧಿಕಾರ ಮಿಷನ್ನಿಗೆ ಇಲ್ಲ ಎಂದು ಎಚ್ಚರಿಸಿದವನು ಇದೇ ಕರ್ಕ್. ಅವನು ಹೋರಾಡಿದ್ದು ವ್ಯಾಪಾರದ ವಿರುದ್ಧ; ಸುಲ್ತಾನನ ನೆಲದಲ್ಲಿದ್ದ ಗುಲಾಮಗಿರಿಯನ್ನು ಆ ಕ್ಷಣಕ್ಕೆ ಮುಟ್ಟುವ ಮನಸ್ಸು ಅವನಿಗಿರಲಿಲ್ಲ. ಓಡಿಬಂದ ಗುಲಾಮನಿಗೆ ಈ ವ್ಯತ್ಯಾಸವನ್ನು ಯಾರು ವಿವರಿಸಬೇಕಿತ್ತು?

ಉತ್ತರ: ನಿವೃತ್ತ ಉಪನ್ಯಾಸಕ, ಉಡುಪಿ

ನಿಮ್ಮ ಆಕ್ಷೇಪ ಸರಿಯಾಗಿದೆ, ಒಪ್ಪುತ್ತೇನೆ. ಹೆಸರುಗಳನ್ನು ನಾನು ಹೇಳಬೇಕಾಗಿತ್ತು. ನೌಕಾಪಡೆಯವರಿಗೆ ಹಿಡಿದ ಹಡಗಿನ ಲೆಕ್ಕದಲ್ಲಿ ಬಹುಮಾನದ ಹಣ ಸಿಗುತ್ತಿದ್ದುದರಿಂದ ನಿರಪರಾಧಿ ವ್ಯಾಪಾರಿಗಳ ಹಾಯಿಹಡಗುಗಳೂ ಸುಟ್ಟುಹೋದವು ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಆದರೆ ಕರ್ಕ್‌ನ ಪರವಾಗಿ ಒಂದು ಮಾತು. ಮೊದಲು ಹೊಸಬರನ್ನು ಹಿಡಿದು ತರುವುದನ್ನು ನಿಲ್ಲಿಸಬೇಕು, ಉಳಿದದ್ದು ಆಮೇಲೆ ಎಂಬುದು ಅವನ ಲೆಕ್ಕಾಚಾರ. ಎರಡಕ್ಕೂ ಒಟ್ಟಿಗೆ ಕೈ ಹಾಕಿದರೆ ಸುಲ್ತಾನನ ಆಳ್ವಿಕೆ ಕುಸಿದು, ಸಹಿಯಾದ ಒಪ್ಪಂದವೂ ಕೈಬಿಟ್ಟುಹೋಗುತ್ತದೆಂದು ಅವನು ಹೆದರಿದ. ಆ ಹೆದರಿಕೆಯಿಂದ ತೋಟಗಳಲ್ಲಿದ್ದವರು ಇನ್ನೊಂದು ತಲೆಮಾರು ಕಾಯಬೇಕಾಯಿತು. ಆದರೆ ಹಿಡಿದೊಯ್ಯುವವರಿಲ್ಲದೆ ಶಿರೆ ಕಣಿವೆಯ ಮನೆಯಂಗಳದಲ್ಲೇ ಉಳಿದ ಮಕ್ಕಳು ಎಷ್ಟು ಮಂದಿಯೋ, ಅವರ ಲೆಕ್ಕ ಯಾವ ಕಡತದಲ್ಲೂ ಸಿಗುವುದಿಲ್ಲ. ನನ್ನ ಮನಸ್ಸಿನಲ್ಲಿ ಅವನು ಈಗಲೂ ದೊಡ್ಡ ಮನುಷ್ಯನೇ. ಟೀಚರ್ ತಮ್ಮ ತರಗತಿಯಲ್ಲಿ ಹೇಳಿದ "ಸಂತೆಯನ್ನು ಮುಚ್ಚಿಸಿದವನು" ಎಂಬ ಮಾತೂ ತಪ್ಪಲ್ಲ; "ಗುಲಾಮಗಿರಿಯನ್ನು ಕೊನೆಗೊಳಿಸಿದವನು" ಎಂದಿದ್ದರೆ ತಪ್ಪಾಗುತ್ತಿತ್ತು.

ಉತ್ತರ: ಸಂಶೋಧನಾ ವಿದ್ಯಾರ್ಥಿ, ಕೊಣಾಜೆ

ಧನ್ಯವಾದ ಸರ್. ಟೀಚರಿಗೆ ಇನ್ನೊಂದು ಸಂಗತಿ, ಪಾಠಕ್ಕೆ ಉಪಯೋಗವಾದೀತು. ಕೈರೋದ ಹಳೆಯ ಯಹೂದಿ ಪ್ರಾರ್ಥನಾಮಂದಿರದ ಉಗ್ರಾಣದಲ್ಲಿ ಶತಮಾನಗಳ ಕಾಲ ಕೂಡಿಬಿದ್ದಿದ್ದ ಕಾಗದಗಳಲ್ಲಿ ಮಂಗಳೂರಿನಲ್ಲಿ ಬರೆದ ಒಂದು ಬಿಡುಗಡೆ ಪತ್ರ ಸಿಕ್ಕಿದೆ. ತುನೀಸಿಯಾದಿಂದ ಬಂದು ಇಲ್ಲಿ ಬಹುವರ್ಷ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 1132ರ ಅಕ್ಟೋಬರ್ 17ರಂದು ಆಶು ಎಂಬ ಹೆಂಗಸನ್ನು ಗುಲಾಮಗಿರಿಯಿಂದ ಬಿಡುಗಡೆ ಮಾಡಿದ ಪತ್ರ ಅದು. ಕರ್ಕ್‌ಗಿಂತ ಏಳು ನೂರಕ್ಕೂ ಹೆಚ್ಚು ವರ್ಷ ಹಿಂದೆ, ನಮ್ಮದೇ ಊರಿನಲ್ಲಿ, ಹೆಸರೂ ದಿನಾಂಕವೂ ಇರುವ ಒಬ್ಬಳ ಬಿಡುಗಡೆ.

ಉತ್ತರ: ಬಲ್ಮಠದ ಶಿಕ್ಷಕಿ, ಮಂಗಳೂರು

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಇಷ್ಟು ದೊರೆಯುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ. ಆಶುವಿನ ಪತ್ರದ ವಿಷಯ ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಈ ಊರಿನಲ್ಲಿ ಹುಟ್ಟಿ ಬೆಳೆದು, ಇತಿಹಾಸ ಕಲಿಸುತ್ತಿರುವ ನನಗೆ ಅದು ತಿಳಿದಿರಲಿಲ್ಲ.

ಗುರುವಾರದ ಪಾಠವನ್ನು ಹೀಗೆ ಹೊಂದಿಸಿಕೊಂಡಿದ್ದೇನೆ. ಮೊದಲು ಆಶು, ಮಂಗಳೂರು, 1132. ಅನಂತರ ಶಿರೆ ಕಣಿವೆ, ಜಾಂಜಿಬಾರ್, ಕರ್ಕ್ ಮತ್ತು ಬರ್ಘಾಶ್. ಕಚ್ಛಿ ವರ್ತಕರ ಸುಂಕದ ಗುತ್ತಿಗೆಯನ್ನು ಪ್ರಶ್ನೆ ಕೇಳಿದ ಹುಡುಗಿಯಿಂದಲೇ ಓದಿಸುತ್ತೇನೆ. ಕೊನೆಯ ಹದಿನೈದು ನಿಮಿಷ ನಮ್ಮ ಜಿಲ್ಲೆಯ ಮೂಲದ ಆಳುಗಳಿಗೆ ಮೀಸಲು. ನನ್ನ ತರಗತಿಯಲ್ಲಿ ಆ ಗದ್ದೆಗಳ ಒಡೆಯರ ಮರಿಮಕ್ಕಳೂ ಇದ್ದಾರೆ, ಅದೇ ಗದ್ದೆಗಳಲ್ಲಿ ದುಡಿದವರ ಮರಿಮಕ್ಕಳೂ ಇದ್ದಾರೆ. ಆದ್ದರಿಂದ ಆ ಭಾಗವನ್ನು ನನ್ನ ಮಾತಿನಲ್ಲಿ ಹೇಳುವುದಕ್ಕಿಂತ ಕಾಯಿದೆಯ ಮಾತಿನಲ್ಲೇ ಇಡಬೇಕೆಂದುಕೊಂಡಿದ್ದೇನೆ. ವಕೀಲರೇ, 1843ರ ಕಾಯಿದೆಯ ಆ ನಾಲ್ಕು ಕಲಮುಗಳನ್ನು ಮಕ್ಕಳಿಗೆ ಅರ್ಥವಾಗುವ ಕನ್ನಡದಲ್ಲಿ ಬುಧವಾರದೊಳಗೆ ಬರೆದುಕೊಡಲು ಸಾಧ್ಯವೇ? ಕಪ್ಪು ಹಲಗೆಯ ಮೇಲೆ ನಾನೇ ಬರೆಯುತ್ತೇನೆ.

ಉತ್ತರ: ವಕೀಲ, ಕೊಡಿಯಾಲಬೈಲ್

ಖಂಡಿತ ಟೀಚರ್, ಮಂಗಳವಾರ ಸಂಜೆಯೊಳಗೆ ಇಲ್ಲೇ ಹಾಕುತ್ತೇನೆ. ನಾಲ್ಕನೆಯ ಕಲಮನ್ನು ಮೊದಲು ಬರೆಯಿರಿ; ಅಪರಾಧ ಅಪರಾಧವೇ ಎಂಬುದು ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.